ಹಳೇ ಡೀಸೆಲ್ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್: ಹೋಗಿದೆಯಾ ಅಂತ ನೋಡುವುದು ಹೇಗೆ, ಹೊಸದು ಕೂರಿಸುವುದು ಹೇಗೆ

"ರೇಡಿಯೇಟರಿಗೆ ಹಾಕಿದಷ್ಟೂ ನೀರು ಕುಡಿಯುತ್ತೆ, ಕೆಳಗೆ ಮಾತ್ರ ಒಂದು ಹನಿ ಸೋರಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?" ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಸಾಕು, ಚನ್ನಗಿರಿ, ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಓದುಗರಿಂದ ಇದೇ ಪ್ರಶ್ನೆ ಬರುತ್ತದೆ. ಅದರ ಹಿಂದೆಯೇ ಇನ್ನೊಂದು: "ಹೋದ ವರ್ಷ ತಾನೇ ಹೊಸ ಗ್ಯಾಸ್ಕೆಟ್ ಹಾಕಿಸಿದ್ದೆ, ಮತ್ತೆ ಹೋಯ್ತಲ್ಲ?" ಎರಡಕ್ಕೂ ಸೇರಿಸಿ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ಕೆಟ್ ಸುಮ್ನೆ ತಾನಾಗಿ ಹೋಗುವುದು ಅಪರೂಪ. ಇಂಜಿನ್ ವಿಪರೀತ ಕಾಯುತ್ತದೆ, ಹೆಡ್ ಬೆಂಡ್ ಆಗುತ್ತದೆ, ಆಮೇಲೆ ಗ್ಯಾಸ್ಕೆಟ್ ಹೋಗುತ್ತದೆ. ಯಾಕೆ ಕಾಯಿತು ಅಂತ ಹುಡುಕದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಮುಂದಿನ ಒಕ್ಕಣೆಗೆ ಮತ್ತೆ ಹೆಡ್ ಬಿಚ್ಚಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಹಳೇ ಟ್ರಾಕ್ಟರ್, ಜೀಪ್, ಸಣ್ಣ ಲಾರಿಗಳ ಇಂಜಿನ್ನಿಗೆ. ಅಂದರೆ ಕಂಪ್ಯೂಟರ್ ಇಲ್ಲದ, ಮೆಕ್ಯಾನಿಕಲ್ ಪಂಪಿನಿಂದ ಡೀಸೆಲ್ ಹೋಗುವ ಇಂಜಿನ್. ಹೊಸ ಕಾಮನ್ ರೈಲ್ ಗಾಡಿಗೆ ಇದನ್ನು ಮಾಡಬೇಡಿ. ಅದರ ಡೀಸೆಲ್ ಪೈಪಿನಲ್ಲಿ 1000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಇಂಜಿನ್ ಓಡುವಾಗ ಆ ಪೈಪಿನ ನಟ್ ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ.

ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ. ಸಿಲಿಂಡರಿನ ಬೆಂಕಿ, ತಂಪು ಮಾಡುವ ನೀರು, ಆಯಿಲ್ ಮೂರೂ ಅದರ ಅಕ್ಕಪಕ್ಕದ ತೂತುಗಳಲ್ಲೇ ಓಡಾಡುತ್ತವೆ. ಒಂದು ಇನ್ನೊಂದಕ್ಕೆ ಸೇರದಂತೆ ತಡೆಯುವುದು ಅದರ ಕೆಲಸ. ಸಿಲಿಂಡರಿನ ಸುತ್ತ ಇರುವ ಲೋಹದ ಬಳೆಗೆ ಫೈರ್ ರಿಂಗ್ ಅನ್ನುತ್ತಾರೆ. ಡೀಸೆಲ್ ಉರಿಯುವಾಗ 60 ಬಾರ್‌ಗೂ ಮೀರುವ ಒತ್ತಡವನ್ನು ತಡೆಯುವುದು ಈ ರಿಂಗ್. ಹೆಚ್ಚಾಗಿ ಹೋಗುವುದೂ ಇಲ್ಲೇ.

1. ಲಕ್ಷಣ ನೋಡಿ, ಆದರೆ ಅದೊಂದನ್ನೇ ನಂಬಬೇಡಿ

ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೇ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಗಟ್ಟಿಯಾದರೆ ಅನುಮಾನ ಪಡಿ. ನೀರು ಇನ್ನೂ ಕಾದೇ ಇಲ್ಲ, ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿರಬೇಕು.

ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಬೆರೆತಿದೆ. ಹಾಗಿದ್ದರೆ ಮತ್ತೆ ಇಂಜಿನ್ ಓಡಿಸಲೇ ಬೇಡಿ. ನೀರು ಬೆರೆತ ಆಯಿಲ್ ಬೇರಿಂಗನ್ನು ಬೇಗ ತಿಂದುಹಾಕುತ್ತದೆ, ಗ್ಯಾಸ್ಕೆಟ್ ಖರ್ಚಿನ ಮೇಲೆ ಕ್ರ್ಯಾಂಕ್ ಖರ್ಚೂ ಬರುತ್ತದೆ. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗಷ್ಟೇ ಸ್ವಲ್ಪ ಬಿಳಿ ನೊರೆ ಇದ್ದು, ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಚೆನ್ನಾಗಿದ್ದರೆ ಗಾಬರಿ ಬೇಡ. ಮಳೆಗಾಲ, ಚಳಿಗಾಲದಲ್ಲಿ ಹತ್ತಿರ ಹತ್ತಿರ ಓಡಾಡುವ ಗಾಡಿಗೆ ಅದು ಮಾಮೂಲಿ.

ಸೈಲೆನ್ಸರಿನ ಬಿಳಿ ಹೊಗೆಯಲ್ಲೂ ಎರಡು ಬಗೆ. ಕಣ್ಣು ಉರಿಸಿ, ಡೀಸೆಲ್ ವಾಸನೆ ಹೊಡೆದರೆ ಅದು ಉರಿಯದ ಡೀಸೆಲ್. ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ), ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು) ಅಥವಾ ಕಂಪ್ರೆಷನ್ (ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಕಡೆ ನೋಡಬೇಕು. ವಾಸನೆ ಕಡಿಮೆ, ಗಾಳಿಯಲ್ಲಿ ಬೇಗ ಕರಗುತ್ತದೆ, ಇಂಜಿನ್ ಕಾದ ಮೇಲೂ ನಿಲ್ಲುತ್ತಿಲ್ಲ ಅಂದರೆ ಅದು ಹಬೆ. ನೀರು ಸಿಲಿಂಡರಿಗೆ ಇಳಿಯುತ್ತಿದೆ.

ಇದೇ ಲಕ್ಷಣಗಳನ್ನು ಬೇರೆ ದೋಷಗಳೂ ತೋರಿಸುತ್ತವೆ, ಅನೇಕರು ಮುಗ್ಗರಿಸುವುದು ಇಲ್ಲೇ. ಹೆಡ್ ಕ್ರ್ಯಾಕ್ ಆಗಿದ್ದರೂ ಗ್ಯಾಸ್ ನೀರಿಗೆ ಸೇರಿ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತದೆ. ವೆಟ್ ಲೈನರ್ ಇಂಜಿನ್ನಿನಲ್ಲಿ, ಅಂದರೆ ಲೈನರಿನ (ಪಿಸ್ಟನ್ ಓಡಾಡುವ ಕೊಳವೆಯ) ಹೊರಮೈಗೆ ನೇರವಾಗಿ ನೀರು ತಾಗುವ ಇಂಜಿನ್ನಿನಲ್ಲಿ, ಕೆಳಗಿನ ರಬ್ಬರ್ ರಿಂಗ್ ಹೋದರೂ ಆಯಿಲಿಗೆ ನೀರು ಸೇರುತ್ತದೆ. ಆಯಿಲ್ ಕೂಲರ್ ಇರುವ ಇಂಜಿನ್ನಿನಲ್ಲಿ ಅದೂ ಸೋರಿರಬಹುದು. ಹಾಗಾಗಿ ಪಾನಾ ಹಿಡಿಯುವ ಮೊದಲು ಪರೀಕ್ಷೆ ಮಾಡಿ.

2. ಪರೀಕ್ಷೆ

ಗುಳ್ಳೆ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಬಿಚ್ಚಿ ಮುಖ, ಕೈ ಸುಟ್ಟುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಆಯಿಲ್ ಬೆಳ್ಳಗಾಗಿದ್ದರೆ ಈ ಪರೀಕ್ಷೆ ಬಿಟ್ಟುಬಿಡಿ.

ಫ್ಯಾನ್ ಬೆಲ್ಟ್ ತೆಗೆಯಿರಿ. ಬೆಲ್ಟ್ ಇದ್ದರೆ ವಾಟರ್ ಪಂಪ್ ನೀರು ಕಲಕಿ ಸುಳ್ಳು ಗುಳ್ಳೆ ತೋರಿಸುತ್ತದೆ. ರೇಡಿಯೇಟರ್ ಕುತ್ತಿಗೆವರೆಗೂ ನೀರು ತುಂಬಿ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ. ಶುರುವಿನಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಬುಳಬುಳ ಅಂತ ಒಂದೇ ಲಯದಲ್ಲಿ ಬರುತ್ತಲೇ ಇದ್ದು, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿಯಾದರೆ ಅದು ಸಿಲಿಂಡರಿನ ಗ್ಯಾಸ್. ಬೆಲ್ಟ್ ಇಲ್ಲದೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ.

ಯಾವ ಸಿಲಿಂಡರ್ ಅಂತ ಗೊತ್ತಾಗಬೇಕಾ? ಐಡಲಿನಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲಿನ ಪೈಪ್ ನಟ್ಟನ್ನು, ಬಟ್ಟೆ ಸುತ್ತಿ, ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ. ಜೊತೆಗೆ ಗುಳ್ಳೆಯೂ ನಿಂತರೆ ಲೀಕ್ ಅಲ್ಲೇ. ಕನ್ನಡಕ ಹಾಕಿಕೊಳ್ಳಿ. ಬರಿಗೈಯನ್ನು ಡೀಸೆಲ್ ಚಿಮ್ಮುವ ಜಾಗಕ್ಕೆ ಒಡ್ಡಬೇಡಿ.

ಕಂಪ್ರೆಷನ್ ನೋಡಬೇಕಾದರೆ ಡೀಸೆಲ್ಲಿಗೆ ಮಾಡಿದ ಗೇಜೇ ಬೇಕು. ಪೆಟ್ರೋಲ್ ಗಾಡಿಯ ಗೇಜು 300 ಪಿಎಸ್‌ಐಗೆ ಮುಗಿಯುತ್ತದೆ, ಚೆನ್ನಾಗಿರುವ ಡೀಸೆಲ್ ಇಂಜಿನ್ ಸಾಮಾನ್ಯವಾಗಿ ಅದಕ್ಕಿಂತ ಮೇಲೆ ತೋರಿಸುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಇಂಥ ಲೀಕಿನಲ್ಲಿ ಗುಳ್ಳೆಯೂ ಬರದಿರಬಹುದು, ನೀರೂ ಇಳಿಯದಿರಬಹುದು. ಇಂಜಿನ್ ಕುಂಟುತ್ತದೆ ಅಷ್ಟೇ.

ಕೊನೆಯದು ಪ್ರೆಷರ್ ಪರೀಕ್ಷೆ. ಕ್ಯಾಪಿನ ಜಾಗಕ್ಕೆ ಕೈಪಂಪ್ ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ. ಮುಳ್ಳು ಇಳಿದಿದ್ದು, ಹೊರಗೆಲ್ಲೂ ನೀರು ಕಾಣದಿದ್ದರೆ ಒಳಗೆ ಇಳಿದಿದೆ ಅಂತ ಅರ್ಥ. ಈಗ ಸೆಲ್ಫ್ ಹೊಡೆಯಬೇಡಿ! ನಾಝಲ್‌ಗಳನ್ನು ಬಿಚ್ಚಿ, ಇಂಜಿನ್ನನ್ನು ಕೈಯಿಂದ ತಿರುಗಿಸಿ, ಯಾವ ತೂತಿನಿಂದ ನೀರು ಬರುತ್ತದೆ ನೋಡಿ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸ್ಟಾರ್ಟ್ ಹೊಡೆದರೆ, ನೀರು ಗಾಳಿಯಂತೆ ಕುಗ್ಗದೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ "ಟಕ್" ಅಂತ ಹಿಡಿದುಕೊಂಡರೂ ಇದೇ ಎಚ್ಚರ.

3. ಬಿಚ್ಚುವ ಮೊದಲು

ಆ ಇಂಜಿನ್ನಿನ ಕಂಪನಿ ಪುಸ್ತಕ ಅಥವಾ ಅದರ ಟಾರ್ಕ್ ಹಾಳೆ ಕೈಯಲ್ಲಿರಲಿ. ಟಾರ್ಕ್ ಅಂದರೆ ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯಬೇಕು ಅನ್ನುವ ಲೆಕ್ಕ. ಟಾರ್ಕ್ ವ್ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಬಾಡಿಗೆಗೋ ಎರವಲಿಗೋ ತನ್ನಿ. "ಕೈ ಅಂದಾಜಿನಲ್ಲೇ ಟೈಟ್ ಮಾಡ್ತೀನಿ" ಅನ್ನುವ ಮೇಸ್ತ್ರಿಯ ಅನುಭವ ಎಷ್ಟೇ ಇರಲಿ, ಹೆಡ್ ಬೋಲ್ಟಿಗೆ ಅದು ಸಾಲದು. ಜೊತೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ನೇರ ಉಕ್ಕಿನ ಪಟ್ಟಿ, ಹೊಸ ಗ್ಯಾಸ್ಕೆಟ್ ಸೆಟ್, ಆಯಿಲ್, ಆಯಿಲ್ ಫಿಲ್ಟರ್, ಕೂಲಂಟ್.

ರೇಡಿಯೇಟರಿಗೆ ಅರಿಶಿನ ಪುಡಿ ಅಥವಾ ಲೀಕ್ ನಿಲ್ಲಿಸುವ ಪೌಡರ್ ಹಾಕಿ ನೋಡೋಣವೇ ಅಂತ ಕೇಳುವವರಿದ್ದಾರೆ. ರೇಡಿಯೇಟರಿನ ಸೂಜಿತೂತಿಗೆ ಅದು ಒಂದೆರಡು ದಿನ ನಿಲ್ಲಬಹುದು. ಸಿಲಿಂಡರಿನ ಒತ್ತಡದ ಎದುರು ನಿಲ್ಲುವುದಿಲ್ಲ. ಬದಲಿಗೆ ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿಕೊಂಡು ಇಂಜಿನ್ ಇನ್ನೂ ಕಾಯುತ್ತದೆ.

4. ಬಿಚ್ಚುವುದು

ಇಂಜಿನ್ ತಣ್ಣಗಿರಬೇಕು. ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ಹೆಡ್ ಅಲ್ಲೇ ಬೆಂಡ್ ಆಗಬಹುದು. ಬ್ಯಾಟರಿ ವೈರ್ ತೆಗೆಯಿರಿ. ನೀರನ್ನು ರೇಡಿಯೇಟರಿನಿಂದಷ್ಟೇ ಅಲ್ಲ, ಬ್ಲಾಕಿನ ಪಕ್ಕದ ಡ್ರೈನ್‌ನಿಂದಲೂ ಬಿಡಿ. ಕೂಲಂಟ್ ಇದ್ದರೆ ಬಕೆಟಿಗೆ ಹಿಡಿದು ಮುಚ್ಚಿಡಿ. ರುಚಿ ಸಿಹಿ, ಆದರೆ ವಿಷ. ನಾಯಿ, ಕರು, ಮಕ್ಕಳ ಕೈಗೆ ಸಿಗಬಾರದು.

ಡೀಸೆಲ್ ಪೈಪ್ ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಶುದ್ಧವಾದ ಮುಚ್ಚಳ ಹಾಕಿ. ನಮ್ಮ ಕಡೆಯ ಧೂಳಿನ ಒಂದು ಕಣ ಸಾಕು, ನಾಝಲ್ ಕೆಡುತ್ತದೆ. ನಾಝಲ್‌ಗಳನ್ನು ಹೆಡ್ ಎತ್ತುವ ಮೊದಲೇ ತೆಗೆಯಿರಿ. ಇಲ್ಲದಿದ್ದರೆ ಹೆಡ್ ಕೆಳಗಿಟ್ಟಾಗ ಹೊರಗೆ ಚಾಚಿದ ತುದಿ ಮುರಿಯುತ್ತದೆ. ಪುಶ್ ರಾಡ್‌ಗಳಿಗೆ (ವಾಲ್ವ್ ತೆರೆಸುವ ಉದ್ದನೆಯ ಸರಳುಗಳು) ಒಂದು ರಟ್ಟಿನಲ್ಲಿ ತೂತು ಮಾಡಿ, ನಂಬರ್ ಬರೆದು ಸಾಲಾಗಿ ಚುಚ್ಚಿಡಿ.

ಹೆಡ್ ಬೋಲ್ಟುಗಳನ್ನು ಟೈಟ್ ಮಾಡುವ ಕ್ರಮಕ್ಕೆ ಉಲ್ಟಾ, ಅಂದರೆ ಹೊರಗಿನಿಂದ ನಡುವಿಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಕಚ್ಚಿಕೊಂಡಿದ್ದರೆ ಮರದ ಸುತ್ತಿಗೆಯಿಂದ ತಟ್ಟಿ ಅಲುಗಾಡಿಸಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬಿದ್ದ ಗೀರೇ ನಾಳೆಯ ಲೀಕ್ ಆಗುತ್ತದೆ. ಹೆಡ್ ಭಾರ ಇರುತ್ತದೆ, ಎತ್ತಲು ಇಬ್ಬರು ಇರಲಿ.

ವೆಟ್ ಲೈನರ್ ಇಂಜಿನ್ ಆದರೆ ಹೆಡ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸಬೇಡಿ. ಪಿಸ್ಟನ್ ಜೊತೆ ಲೈನರೂ ಮೇಲೆದ್ದು ಕೆಳಗಿನ ರಬ್ಬರ್ ರಿಂಗ್ ಕದಲುತ್ತದೆ. ತಿರುಗಿಸಲೇಬೇಕಾದರೆ ವಾಷರ್, ಬೋಲ್ಟ್ ಹಾಕಿ ಲೈನರನ್ನು ಒತ್ತಿ ಹಿಡಿಸಿ.

5. ಹಳೇ ಗ್ಯಾಸ್ಕೆಟ್ ನೋಡಿ, ಹೆಡ್ ಅಳೆಯಿರಿ

ಹಳೇ ಗ್ಯಾಸ್ಕೆಟ್ಟನ್ನು ಗುಜರಿಗೆ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಫೈರ್ ರಿಂಗಿನಿಂದ ನೀರಿನ ತೂತಿನ ಕಡೆಗೆ ಕಪ್ಪು ಗೆರೆ ಓಡಿದ್ದರೆ ಗ್ಯಾಸ್ ಹೋಗುತ್ತಿದ್ದ ದಾರಿ ಅದೇ. ಎರಡು ಸಿಲಿಂಡರ್ ನಡುವಿನ ಕಿರಿದಾದ ಜಾಗ ಸುಟ್ಟು ತಿಂದುಹೋಗಿದ್ದರೆ ಹೆಡ್ ಬೆಂಡ್ ಆಗಿದೆ ಅಂತ ಅನುಮಾನಿಸಿ. ನೀರಿನ ತೂತುಗಳ ಸುತ್ತ ತುಕ್ಕು ಹಿಡಿದು ಅಂಚು ಕರಗಿದ್ದರೆ ಬರೀ ನೀರಿನಲ್ಲಿ, ಕೂಲಂಟ್ ಇಲ್ಲದೆ, ವರ್ಷಗಟ್ಟಲೆ ಓಡಿಸಿದ ಗುರುತು. ಎಲ್ಲೂ ಏನೂ ಕಾಣದಿದ್ದರೆ ಹೆಡ್ ಕ್ರ್ಯಾಕ್ ಕಡೆ ಗಮನ ಕೊಡಿ.

ಹಳೇ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಣಗಿದ್ದಾಗ ಕೆರೆಯಬೇಡಿ, ಏರ್ ಹೊಡೆಯಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆದು, ಕವರಿನಲ್ಲಿ ಕಟ್ಟಿ ಹಾಕಿ.

ಹೆಡ್ಡಿನ ಮುಖ ಒರೆಸಿ ಉಕ್ಕಿನ ಪಟ್ಟಿ ನಿಲ್ಲಿಸಿ. ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಯಿಂದ ಮೂಲೆಗೆ. ಪ್ರತಿ ಸಲ ಪಟ್ಟಿಯ ಕೆಳಗೆ ಫೀಲರ್ ತೂರಿಸಿ ನೋಡಿ. ಬಹಳ ಇಂಜಿನ್‌ಗಳಲ್ಲಿ ಅಡ್ಡಕ್ಕೆ 0.05 ಮಿ.ಮೀ., ಉದ್ದಕ್ಕೆ 0.1 ಮಿ.ಮೀ. ಆಸುಪಾಸು ಮಿತಿ. ನಿಮ್ಮ ಇಂಜಿನ್ನಿನ ಪುಸ್ತಕ ಹೇಳಿದ್ದೇ ಕೊನೆ ಮಾತು. ಕಣ್ಣಿಗೆ ಇದು ಕಾಣುವುದಿಲ್ಲ. "ನೋಡೋಕೆ ಸಪಾಟಾಗಿದೆ" ಅಂತ ಹಾಗೇ ಹಾಕಿದ ಹೆಡ್‌ಗಳೇ ಎರಡನೇ ಸಲ ಬಿಚ್ಚಲು ಬರುವುದು.

ಮಿತಿ ಮೀರಿದ್ದರೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇಂಜಿನ್ ಕೆಲಸ ಮಾಡುವ ಒಳ್ಳೇ ಲೇತ್ ಅಂಗಡಿಗೆ ಕೊಡಿ. ಮೊದಲು ಕ್ರ್ಯಾಕ್ ಪರೀಕ್ಷೆ, ಆಮೇಲೆ ಫೇಸಿಂಗ್, ಅಂದರೆ ಹೆಡ್ಡಿನ ಮುಖ ತೆಳುವಾಗಿ ಕೆತ್ತಿ ಸಪಾಟು ಮಾಡುವುದು. ಈ ಕ್ರಮ ಬಿಡಬೇಡಿ. ಫೇಸಿಂಗ್ ಮಾಡಿಸಿದ ಮೇಲೆ ಕ್ರ್ಯಾಕ್ ಸಿಕ್ಕರೆ ದುಡ್ಡು ನೀರಿಗೆ ಹೋದಂತೆ. ವಾಲ್ವ್ ಸೀಟುಗಳ ನಡುವಿನ ಜಾಗದಲ್ಲಿ ಕ್ರ್ಯಾಕ್ ಜಾಸ್ತಿ. ಹೆಡ್ ಎಷ್ಟು ದಪ್ಪ ಉಳಿದಿರಬೇಕು ಅನ್ನುವುದಕ್ಕೂ ಮಿತಿ ಇದೆ. ಎಷ್ಟು ತೆಗೆದರು ಅಂತ ಕೇಳಿ ಬರೆದುಕೊಳ್ಳಿ. ವಾಲ್ವ್ ಎಷ್ಟು ಒಳಗಿದೆ, ನಾಝಲ್ ತುದಿ ಎಷ್ಟು ಹೊರಗಿದೆ ಅನ್ನುವುದನ್ನೂ ಮತ್ತೆ ಅಳೆಸಿ. ವಾಲ್ವ್ ಪಿಸ್ಟನ್ನಿಗೆ ಬಡಿದರೆ ಇಂಜಿನ್ನೇ ಹೋಗುತ್ತದೆ.

6. ಬ್ಲಾಕ್ ಮತ್ತು ಲೈನರ್

ಪ್ಲಾಸ್ಟಿಕ್ ಅಥವಾ ಮರದ ಕೆರೆಯುವ ಪಟ್ಟಿಯಿಂದ ಬ್ಲಾಕಿನ ಮುಖ ಶುದ್ಧ ಮಾಡಿ. ಗ್ರೈಂಡರಿಗೆ ಎಮರಿ ಹಾಕಿ ಉಜ್ಜಬೇಡಿ. ತಗ್ಗು ಬೀಳುತ್ತದೆ, ಪುಡಿ ಆಯಿಲ್ ತೂತಿಗಿಳಿದು ಬೇರಿಂಗ್ ತಿನ್ನುತ್ತದೆ.

ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ಹೀರಿ ತೆಗೆದು ಒಣಗಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಇದ್ದರೆ ಬೋಲ್ಟ್ ಅದನ್ನೇ ಒತ್ತುತ್ತದೆ. ವ್ರೆಂಚ್ "ಟೈಟ್ ಆಯ್ತು" ಅನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರಲ್ಲ. ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ.

ವೆಟ್ ಲೈನರಿನ ಅಂಚು ಬ್ಲಾಕಿಗಿಂತ ಕೂದಲೆಳೆಯಷ್ಟು ಮೇಲಿರಬೇಕು, ಎಲ್ಲ ಲೈನರೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಡಯಲ್ ಗೇಜಿನಿಂದ ಅಳೆದು ಪುಸ್ತಕಕ್ಕೆ ಹೋಲಿಸಿ. ಒಂದು ಲೈನರ್ ತಗ್ಗಿದ್ದರೆ ಅಲ್ಲಿ ಫೈರ್ ರಿಂಗ್ ಮೇಲೆ ಒತ್ತಡ ಬೀಳುವುದಿಲ್ಲ, ಎಂಥ ದುಬಾರಿ ಗ್ಯಾಸ್ಕೆಟ್ ಹಾಕಿದರೂ ಹೋಗುತ್ತದೆ. ಕೆಲವು ಇಂಜಿನ್‌ಗಳಿಗೆ ಗ್ಯಾಸ್ಕೆಟ್ಟೇ ಎರಡು ಮೂರು ದಪ್ಪದಲ್ಲಿ ಬರುತ್ತದೆ. ಅಂಚಿನ ಕಚ್ಚು ಅಥವಾ ತೂತು ಎಣಿಸಿ ಗುರುತಿಸಬೇಕು. ಹಳೆಯದರಲ್ಲಿ ಎಷ್ಟಿದೆ ನೋಡಿ, ಪಿಸ್ಟನ್ ಎಷ್ಟು ಹೊರಗೆ ಬರುತ್ತದೆ ಅಳೆದು, ಸರಿಯಾದದ್ದೇ ತನ್ನಿ.

7. ಹೆಡ್ ಲೇತಿನಲ್ಲಿರುವಾಗಲೇ ಕಾರಣ ಹುಡುಕಿ

ಇಡೀ ಲೇಖನದಲ್ಲಿ ಇದಕ್ಕೇ ನಾನು ಜಾಸ್ತಿ ಒತ್ತು ಕೊಡುವುದು. ಒಕ್ಕಣೆ ಮಷಿನ್ನಿಗೆ ಜೋಡಿಸಿದ ಟ್ರಾಕ್ಟರ್ ಬಿಸಿಲಿನಲ್ಲಿ ನಿಂತಲ್ಲೇ ದಿನವಿಡೀ ಲೋಡ್ ಎಳೆಯುತ್ತದೆ. ಎದುರಿನಿಂದ ಗಾಳಿ ಬರಲ್ಲ, ಫ್ಯಾನೇ ಗತಿ. ಆ ಫ್ಯಾನ್ ಮೆಕ್ಕೆಜೋಳದ ಹೊಟ್ಟು, ಶೇಂಗಾ ಬಳ್ಳಿಯ ಧೂಳನ್ನು ಎಳೆದು ರೇಡಿಯೇಟರಿನ ಜಾಲರಿಗೆ ಮೆತ್ತುತ್ತದೆ. ಮುಂದಿನಿಂದ ನೋಡಿದರೆ ಶುದ್ಧವಾಗಿಯೇ ಕಾಣುತ್ತದೆ. ಟಾರ್ಚ್ ಹಿಂದೆ ಹಿಡಿದು ಮುಂದಿನಿಂದ ನೋಡಿ, ಬೆಳಕು ದಾಟದಿದ್ದರೆ ಗಾಳಿಯೂ ದಾಟಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ ಏರ್ ಹೊಡೆದು ತೆಗೆಯಿರಿ. ಒಕ್ಕಣೆ ದಿನಗಳಲ್ಲಿ ಊಟದ ಹೊತ್ತಿಗೆ ಒಮ್ಮೆ ಜಾಲರಿ ಜಾಡಿಸಿ.

ಎರಡನೆಯದು ಬೋರ್ ನೀರು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರುಗಳ ನೀರು ಗಡಸು. ಫ್ಲೋರೈಡಿನ ಸುದ್ದಿ ಎಲ್ಲರಿಗೂ ಗೊತ್ತು, ಆದರೆ ಇಂಜಿನ್ನಿಗೆ ತೊಂದರೆ ಕೊಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ನೀರು ಕಾದಂತೆ ಅವು ಸುಣ್ಣದ ಪೊರೆಯಾಗಿ ಬ್ಲಾಕ್, ಹೆಡ್, ರೇಡಿಯೇಟರ್ ಕೊಳವೆಗಳ ಒಳಗೆ ಕೂರುತ್ತವೆ. ಶಾಖ ದಾಟದೆ ಹೆಡ್ಡಿನ ಒಂದೇ ಜಾಗ ಕಾಯುತ್ತದೆ. ಭದ್ರಾ ನಾಲೆಯ ನೀರು ಇಷ್ಟು ಗಡಸಲ್ಲ, ಆದರೆ ಕೆಸರು ತರುತ್ತದೆ. ರೇಡಿಯೇಟರನ್ನು ಅಂಗಡಿಯಲ್ಲಿ ಬಿಚ್ಚಿಸಿ ರಾಡ್ ಹೊಡೆಸಿ, ಅಂದರೆ ಕೊಳವೆಗಳೊಳಗೆ ಸರಳು ಹಾಯಿಸಿ ಪೊರೆ ತೆಗೆಸಿ. ಮುಂದೆ ಡಿಸ್ಟಿಲ್ಡ್ ನೀರು, ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್.ಓ. ನೀರಿಗೆ ಕೂಲಂಟ್ ಬೆರೆಸಿ ಹಾಕಿ. ಘಟಕದಿಂದ ಹೊರಬಿಡುವ ವೇಸ್ಟ್ ನೀರು ಮಾತ್ರ ಬೇಡ, ಅದರಲ್ಲಿ ಲವಣ ಬೋರ್ ನೀರಿಗಿಂತಲೂ ಜಾಸ್ತಿ. ಬರೀ ಆರ್.ಓ. ನೀರೂ ಸಾಲದು, ತುಕ್ಕು ತಡೆಯಲು ಕೂಲಂಟ್ ಬೇಕೇ ಬೇಕು. ಎಷ್ಟು ಬೆರೆಸಬೇಕು ಅನ್ನುವುದು ಡಬ್ಬದ ಮೇಲಿರುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಥರ್ಮೋಸ್ಟಾಟನ್ನು (ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ನೀರಿನ ಪಾತ್ರೆಗೆ ಹಾಕಿ ಕಾಯಿಸಿ, ಅದರ ಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ, ತೆಗೆದು ಬಿಸಾಡುವ ಅಭ್ಯಾಸ ಬೇಡ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತುತ್ತದೆ. ರೇಡಿಯೇಟರ್ ಕ್ಯಾಪಿನ ರಬ್ಬರ್ ಸೀಳಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಬೆಲ್ಟ್, ವಾಟರ್ ಪಂಪ್, ಫ್ಯಾನಿನ ಸುತ್ತಲಿನ ತಗಡು ನೋಡಿ. ಕಪ್ಪು ಹೊಗೆ ಬರುವಷ್ಟು ಡೀಸೆಲ್ ಏರಿಸಿದ್ದರೆ ಪಂಪ್ ಸರಿ ಮಾಡಿಸಿ.

8. ಕೂರಿಸಿ ಬಿಗಿಯುವುದು

ಹೊಸ ಗ್ಯಾಸ್ಕೆಟ್ಟಿನ ಮೇಲೆ "ಟಾಪ್" ಅಂತ ಇರುವ ಮುಖ ಮೇಲೆ ಬರಲಿ. ಪ್ರತಿಯೊಂದು ನೀರು, ಆಯಿಲ್ ತೂತೂ ಸರಿಯಾಗಿ ಕೂರುತ್ತಾ ನೋಡಿ. ಕಂಪನಿ ಹೇಳದಿದ್ದರೆ ಬಾಂಡ್, ಪೇಸ್ಟ್, ಗ್ರೀಸ್ ಯಾವುದೂ ಬೇಡ, ಒಣಗಿದ್ದಂತೆಯೇ ಹಾಕಿ. ಒಮ್ಮೆ ಒತ್ತಿದ ಗ್ಯಾಸ್ಕೆಟ್ಟನ್ನು ಮತ್ತೆ ಬಳಸಬೇಡಿ.

ಬೋಲ್ಟಿನ ಥ್ರೆಡ್ ಒಂದು ಕಡೆ ಸಣ್ಣಗಾಗಿದ್ದರೆ ಅದು ಎಳೆದುಕೊಂಡಿದೆ, ಬದಲಿಸಿ. ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿಯುವ ಬೋಲ್ಟ್ ಆದರೆ ಎಲ್ಲವೂ ಹೊಸದೇ ಇರಲಿ. ಥ್ರೆಡ್ಡಿಗೂ ಬೋಲ್ಟ್ ತಲೆಯ ಕೆಳಗೂ ಪುಸ್ತಕ ಹೇಳಿದಂತೆ ತೆಳುವಾಗಿ ಆಯಿಲ್ ಸವರಿ.

ಟೈಟ್ ಮಾಡುವುದು ನಡುವಿನಿಂದ ಹೊರಗೆ, ಪುಸ್ತಕದ ನಂಬರ್ ಪ್ರಕಾರ, ಮೂರು ಸುತ್ತಿನಲ್ಲಿ. ಯೂನಿಟ್ ಗಮನಿಸಿ. 1 ಕೆಜಿ-ಮೀಟರ್ ಅಂದರೆ ಸುಮಾರು 9.8 ನ್ಯೂಟನ್ ಮೀಟರ್, ಅಥವಾ 7.2 ಫೂಟ್ ಪೌಂಡ್. ಪುಸ್ತಕದಲ್ಲಿ 98 ನ್ಯೂಟನ್ ಮೀಟರ್ ಇದ್ದು, ವ್ರೆಂಚಿನಲ್ಲಿ 98 ಫೂಟ್ ಪೌಂಡ್ ಇಟ್ಟರೆ ಮೂರನೇ ಒಂದು ಪಾಲು ಜಾಸ್ತಿ ಬಿಗಿಯುತ್ತೀರಿ. ಆಮೇಲೆ ಪುಶ್ ರಾಡ್, ರಾಕರ್ ಹಾಕಿ ಟ್ಯಾಪೆಟ್ ಸಂದಿ, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದಿ, ಹೊಂದಿಸಿ.

9. ಸ್ಟಾರ್ಟ್ ಮತ್ತು ಆಮೇಲೆ

ಹೊಸ ಆಯಿಲ್, ಫಿಲ್ಟರ್ ಹಾಕಿ. ಕೂಲಂಟನ್ನು ನಿಧಾನವಾಗಿ ತುಂಬಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ. ಡೀಸೆಲ್ ಪೈಪಿನ ಏರ್ ತೆಗೆದು ಸ್ಟಾರ್ಟ್ ಮಾಡಿ. ಆಯಿಲ್ ಪ್ರೆಷರ್ ಬಂತಾ ನೋಡಿ. ಕ್ಯಾಪ್ ತೆರೆದು ಐಡಲಿನಲ್ಲಿ ಬಿಡಿ, ಮಟ್ಟ ಇಳಿದಂತೆ ತುಂಬಿ, ನೀರು ಕಾಯತೊಡಗಿದಾಗ ಮುಚ್ಚಿ. ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಲೋಡ್ ತೆಗೆದು ನಿಲ್ಲಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ. ಎಷ್ಟೇ ಅವಸರವಿದ್ದರೂ ತಾನಾಗಿ ಆರಲು ಬಿಡಿ.

ಹಳೇ ಬಗೆಯ ಗ್ಯಾಸ್ಕೆಟ್ ಬಿಸಿಯಾಗಿ ಆರಿದ ಮೇಲೆ ಸ್ವಲ್ಪ ತಗ್ಗುತ್ತದೆ. ಪುಸ್ತಕ ಹೇಳಿದ ಹೊತ್ತಿಗೆ ಮರುಟಾರ್ಕ್ ಮಾಡಲೇಬೇಕು. ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ ಅನ್ನುವುದೂ ಅದರಲ್ಲೇ ಇರುತ್ತದೆ. ಒಂದು ಸಲಕ್ಕೆ ಒಂದೇ ಬೋಲ್ಟ್, ಕಾಲು ಸುತ್ತು ಸಡಿಲಿಸಿ ಮತ್ತೆ ಪೂರ್ತಿ ಟಾರ್ಕಿಗೆ ತನ್ನಿ. ಅದಾದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ನೋಡಿ. ಉಕ್ಕಿನ ಪದರಗಳ ಹೊಸ ಬಗೆಯ ಗ್ಯಾಸ್ಕೆಟ್ಟಿಗೆ ಸಾಮಾನ್ಯವಾಗಿ ಇದು ಬೇಕಿಲ್ಲ. ಆಯಿಲಿಗೆ ನೀರು ಬೆರೆತಿದ್ದ ಇಂಜಿನ್ ಆದರೆ ಮೊದಲ ಆಯಿಲನ್ನು ಪೂರ್ತಿ ಅವಧಿ ಓಡಿಸದೆ ಕೆಲವೇ ದಿನಕ್ಕೆ ಬದಲಿಸಿ, ಒಳಗೆ ಉಳಿದ ನೀರು ಅದರ ಜೊತೆ ಹೊರಬರುತ್ತದೆ.